ಟಾಪಿಲ್ಲದ ಕಾರು, ಗುರುತಿಲ್ಲದ ಡಬ್ಬ

ಮೆಕ್ಯಾನಿಕ್ ತರಬೇತಿ ಮುಗಿಸಿ ಕೆಲಸಕ್ಕೆ ಹೊರಟವರಿಗೆ ಎರಡು ಮಾತು ಬರೆದುಕೊಡಿ ಎಂದು ನಮ್ಮ ಬಡಾವಣೆಯ ತರಬೇತಿ ಶಾಲೆಯವರು ಕೇಳಿದ್ದಾರೆ. ಹೆಲ್ಪರ್ ಆಗಿ ಸೇರಿದವನು ಹೇಗೆ ಫೋರ್‌ಮನ್ ಆದೆ, ಆಮೇಲೆ ಹೇಗೆ ಸ್ವಂತ ಶೆಡ್ ಹಾಕಿದೆ ಎಂದು ಬರೆಯುತ್ತೇನೆ ಅಂತ ಅವರು ಕಾದಿದ್ದಾರೆ. ಅದನ್ನು ಓದಿದರೆ ಯಾರ ಗಾಡಿಯೂ ಸ್ಟಾರ್ಟ್ ಆಗುವುದಿಲ್ಲ. ಅದರ ಬದಲು ನಾನು ಮಾಡಿದ ಒಂದು ತಪ್ಪನ್ನು ಬರೆಯುತ್ತೇನೆ. ಆ ತಪ್ಪಿನಿಂದ ಇಬ್ಬರು ಹೆಂಗಸರ ಪ್ರಾಣ ಹೋಗುವುದರಲ್ಲಿತ್ತು. ಹೋಗಲಿಲ್ಲ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಎಷ್ಟು, ಕಳ್ಳತನ ಎಷ್ಟು ಎಂಬುದನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ಎಪ್ಪತ್ತರ ದಶಕದ ಕೊನೆ. ನಾನು ಸಾರಕ್ಕಿಯವನು. ಅಪ್ಪನಿಗೆ ಕೆರೆಯ ಕೆಳಗೆ ಒಂದಿಷ್ಟು ಗದ್ದೆ ಇತ್ತು, ನನಗೆ ಗದ್ದೆಯ ಕೆಸರಿಗಿಂತ ಗ್ರೀಸು ಹಿತವಾಗಿತ್ತು. ಜಯನಗರದಲ್ಲಿ ಖಾದರ್ ಸಾಬರ ಗ್ಯಾರೇಜಿನಲ್ಲಿ ಆಗಲೇ ಹನ್ನೊಂದು ವರ್ಷ ಕಳೆದಿದ್ದೆ. ಸಾಬರು ಕಡಿಮೆ ಮಾತಿನ ಮನುಷ್ಯ. ಕೆಲಸ ಕೆಟ್ಟರೆ ಬೈಯುತ್ತಿರಲಿಲ್ಲ, ಬಿಚ್ಚಿಸಿ ಮತ್ತೆ ಮಾಡಿಸುತ್ತಿದ್ದರು. ಬೈದಿದ್ದರೇ ವಾಸಿಯಿತ್ತು ಅನ್ನಿಸುತ್ತಿತ್ತು.

ಒಂದು ದಿನ ವಿಮಲಾ ಮೇಡಂ ಗ್ಯಾರೇಜಿಗೆ ಬಂದರು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಮದುವೆಯಾಗಿರಲಿಲ್ಲ, ಏಳನೇ ಬ್ಲಾಕಿನಲ್ಲಿ ತಾಯಿಯ ಜೊತೆ ಇದ್ದರು. ಅವರ ತಂದೆ, ದೇಶ ಬಿಟ್ಟು ಹೊರಟ ಒಬ್ಬ ಇಂಗ್ಲಿಷಿನವನಿಂದ ಕೊಂಡಿದ್ದ ಕಾರೊಂದು ಮನೆಯ ಶೆಡ್ಡಿನಲ್ಲಿತ್ತು. ಎರಡೇ ಸೀಟು, ಮೇಲೆ ತಗಡಿಲ್ಲ. ಮಳೆ ಬಂದರೆ ಹಿಂದಿನಿಂದ ಕ್ಯಾನ್ವಾಸ್ ಟಾಪು ಎಳೆದುಕೊಳ್ಳಬೇಕು. ತಂದೆ ತೀರಿಹೋದ ಮೇಲೆ ಎಂಟು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ.

ಮೇಡಂ ಹೇಳಿದರು, "ಗಾಡಿ ಬಿಟ್ಟು ಹೋಗಕ್ಕೆ ಬಂದಿಲ್ಲ. ನಾನೇ ರಿಪೇರಿ ಮಾಡ್ಬೇಕು. ಭಾನುವಾರ ಬಂದು ಹೇಳಿಕೊಡೋರು ಒಬ್ರು ಬೇಕು."

ನನಗೆ ನಗು ಬಂತು. ಸಾಬರು ನನ್ನ ಮುಖ ನೋಡಿ, "ನಂಜುಂಡ ಬರ್ತಾನೆ," ಅಂದುಬಿಟ್ಟರು. ನಕ್ಕಿದ್ದಕ್ಕೆ ಅದು ಶಿಕ್ಷೆ.

ಹೋದ ಮೇಲೆ ಗೊತ್ತಾಯಿತು, ಅವರಿಗೆ ಗಡುವು ಇತ್ತು. ತಾಯಿ ಲಕ್ಷ್ಮೀದೇವಮ್ಮನವರು ಸ್ಪಷ್ಟವಾಗಿ ಹೇಳಿದ್ದರು: "ಈ ದಸರಾ ಒಳಗೆ ನೀನೇ ಕೈಯಾರೆ ರೆಡಿ ಮಾಡಿ ನನ್ನ ಕೂರಿಸ್ಕೊಂಡು ಹೋದ್ರೆ ಇರಲಿ. ಇಲ್ದಿದ್ರೆ ಮಾರಿಬಿಡೋಣ. ನಿಮ್ಮಪ್ಪನ ಗಾಡಿ ಹೀಗೆ ಕೊಳೆಯೋದು ನೋಡಕ್ಕಾಗಲ್ಲ ನಂಗೆ."

ಆ ಕಾರಿಗೆ ಬಿಡಿಭಾಗ ಎಲ್ಲಿಂದ ಬರಬೇಕು? ಹೊರದೇಶದ ಸಾಮಾನು ಬರುತ್ತಿರಲಿಲ್ಲ, ಬಂದರೂ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಇದರ ಬುಷ್ ಲೇತಿನಲ್ಲಿ, ಅದರ ರಬ್ಬರು ಇನ್ನೊಂದು ಕಾರಿನಿಂದ, ಹೀಗೆ ಹತ್ತು ಗಾಡಿಯ ಋಣದಲ್ಲಿ ಒಂದು ಗಾಡಿ. ಟಾಪಿನ ಕ್ಯಾನ್ವಾಸನ್ನು ಮೇಡಂ ಟೆಂಟು ಹೊಲಿಯುವವರ ಹತ್ತಿರ ಕೂತು ಹೊಲಿಸಿದರು. ಎರಡು ಕಾರ್ಬುರೇಟರು ಒಂದೇ ಸಮ ಗಾಳಿ ಎಳೆಯುವ ಹಾಗೆ ಕೂರಿಸುವ ಕೆಲಸವನ್ನು ನಾವು ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟುಕೊಂಡು, ಬುಸ್ ಎನ್ನುವ ಸದ್ದು ಹೋಲಿಸಿ ಮಾಡುತ್ತಿದ್ದೆವು. ನಮ್ಮ ಗ್ಯಾರೇಜಿನಲ್ಲಿ ಅದಕ್ಕೆ ನನ್ನ ಕಿವಿಯೇ ಪ್ರಮಾಣ. ಎರಡು ಭಾನುವಾರ ಮೇಡಂ ನನ್ನ ಹಾಗೆ ಕೇಳಿ ನೋಡಿದರು. ಮೂರನೆಯ ಭಾನುವಾರ ಗಾಜಿನ ಬಾಗಿದ ಕೊಳವೆಯಲ್ಲಿ ಬಣ್ಣದ ನೀರು ತುಂಬಿ, ಎರಡೂ ಕಡೆ ಪೈಪು ಸಿಕ್ಕಿಸಿ, ನೀರಿನ ಮಟ್ಟ ಸಮ ಬರುವ ತನಕ ಸ್ಕ್ರೂ ತಿರುಗಿಸಿದರು. ಇಂಜಿನ್ ನಾನು ಕೂರಿಸಿದ್ದಕ್ಕಿಂತ ಚೆನ್ನಾಗಿ ನಿಂತಿತು. ನನಗೆ ಒಳಗೊಳಗೇ ಉರಿಯಿತು. ಆ ಉರಿಯನ್ನು ಇಲ್ಲಿ ಮುಚ್ಚಿಡುವುದಿಲ್ಲ, ಮುಂದಿನದಕ್ಕೂ ಅದಕ್ಕೂ ಸಂಬಂಧವಿದೆ.

ಹ್ಯಾಂಡ್‌ಬ್ರೇಕಿನ ವೈರು ತುಕ್ಕು ತಿಂದಿತ್ತು. ಮೇಡಂ ತೆಳು ಉಕ್ಕಿನ ಹಗ್ಗ ತಂದು, ತುದಿಗೆ ಲೇತಿನಲ್ಲಿ ಕೊಂಡಿ ಹಾಕಿಸಿ, ಮನೆಯ ಮುಂದಿನ ಬೇವಿನ ಮರಕ್ಕೆ ಕಟ್ಟಿ, ಮರಳಿನ ಮೂಟೆ ಒಂದೊಂದಾಗಿ ತೂಗುಹಾಕಿ ಪರೀಕ್ಷೆ ಮಾಡಿದರು. ಪಕ್ಕದ ಮನೆಯವರೆಲ್ಲ ಕಾಂಪೌಂಡಿನ ಮೇಲಿಂದ ನೋಡುತ್ತಿದ್ದರು.

"ಇಷ್ಟೆಲ್ಲ ಯಾಕೆ ಮೇಡಂ, ಎಳೆದು ನೋಡಿದ್ರೆ ಗೊತ್ತಾಗುತ್ತೆ," ಅಂದೆ ನಾನು.

"ನಿಮ್ಗೆ ಗೊತ್ತಾಗುತ್ತೆ ನಂಜುಂಡಪ್ಪ. ನಂಗೆ ಗೊತ್ತಾಗ್ಬೇಕಲ್ಲ," ಅಂದರು.

ಈಗ ನಮ್ಮ ಗ್ಯಾರೇಜಿನ ಡಬ್ಬಗಳ ವಿಷಯ ಹೇಳಬೇಕು. ಎಣ್ಣೆಗಳನ್ನು ಸಾಬರು ದೊಡ್ಡ ಡಬ್ಬದಲ್ಲಿ ತರಿಸುತ್ತಿದ್ದರು. ಅದನ್ನು ಹಳೆಯ ಸಣ್ಣ ಡಬ್ಬಗಳಿಗೆ ಸುರಿದಿಡುವುದು ವಾಡಿಕೆ. ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಏನಿದ್ದರೂ ಲೆಕ್ಕಕ್ಕಿಲ್ಲ, ಸೀಮೆಸುಣ್ಣದ ಗೀಟೇ ಗುರುತು. ಒಂದು ಗೀಟು ಬ್ರೇಕ್ ಆಯಿಲ್, ಎರಡು ಗೀಟು ಗಾಡಿ ಎತ್ತುವ ಜಾಕಿನ ಆಯಿಲ್. ಎರಡೂ ನೋಡಲು ಒಂದೇ ತರಹ, ತೆಳು ಹಳದಿ. ಆದರೆ ಗುಣ ಬೇರೆ. ಬ್ರೇಕಿನ ಒಳಗೆ ರಬ್ಬರಿನ ಸಣ್ಣ ಕಪ್ಪುಗಳಿರುತ್ತವೆ, ಪೆಡಲು ಒತ್ತಿದಾಗ ಎಣ್ಣೆಯನ್ನು ನೂಕುವುದು ಅವೇ. ಜಾಕಿನ ಎಣ್ಣೆ ತಾಕಿದರೆ ಆ ರಬ್ಬರು ನೆನೆದ ಕಡಲೆಯ ಹಾಗೆ ಊದಿಕೊಳ್ಳುತ್ತದೆ. ಊದಿದ ಮೇಲೆ ಹಿಂದಕ್ಕೆ ಸರಿಯುವುದಿಲ್ಲ. ಒತ್ತಿದ ಬ್ರೇಕು ಬಿಡುವುದಿಲ್ಲ, ಚಕ್ರ ಉಜ್ಜಿ ಉಜ್ಜಿ ಕಾಯುತ್ತದೆ, ಕಾದ ಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ.

ದಸರಾ ಬಂತು. ಆಯುಧಪೂಜೆಗೆ ಎರಡು ದಿನ ಮೊದಲು ಗ್ಯಾರೇಜು ತೊಳೆಯುವುದು ಪದ್ಧತಿ. ಸಾಬರು ಪೂಜೆಗೆ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದರು, ಖರ್ಚೆಲ್ಲ ಅವರದೇ, ಮಾಡುವವರು ನಾವು. ಸ್ಪ್ಯಾನರ್, ಜಾಕು, ಡಬ್ಬ, ಪ್ರತಿಯೊಂದನ್ನೂ ಸೀಮೆಎಣ್ಣೆಯಲ್ಲಿ ಒರೆಸಿ ಹೊಳೆಯಿಸಬೇಕು. ಹೊಳೆಯಿಸಿದೆವು. ಸೀಮೆಸುಣ್ಣದ ಗುರುತುಗಳೆಲ್ಲ ಹೋದವು.

ಜೊತೆಯವರು, "ಯಾವ್ದು ಯಾವ್ದು ಅಂತ ಹೆಂಗೆ ಗುರು?" ಅಂದರು.

"ಹನ್ನೊಂದು ವರ್ಷ ಏನ್ ಕತ್ತೆ ಕಾದಿದ್ದೀನಾ," ಅಂದೆ ನಾನು. ಮುಚ್ಚಳ ತೆಗೆದು, ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ, ಎಲ್ಲರೂ ನೋಡುತ್ತಿರುವಾಗ ಒಂದು ಗೀಟು, ಎರಡು ಗೀಟು ಎಳೆದೆ. ಗಾಜಿನ ಕೊಳವೆಗೆ ಸೋತಿದ್ದ ಕಿವಿಯ ಸೇಡನ್ನು ಕಣ್ಣಲ್ಲಿ ತೀರಿಸಿಕೊಂಡೆ ಅಂತ ಕಾಣುತ್ತದೆ.

ಮಾರನೆಯ ದಿನ ಮೇಡಂ ಬ್ರೇಕ್ ಆಯಿಲ್ ಕೇಳಿಕೊಂಡು ಬಂದರು. ಒಂದು ಗೀಟಿನ ಡಬ್ಬದಿಂದ ಬಾಟಲಿಗೆ ಸುರಿದುಕೊಟ್ಟೆ. ಮನೆಗೆ ಹೋಗಿ ಅದನ್ನು ತುಂಬಿ, ಬ್ರೇಕಿನ ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಅವರೇ ತೆಗೆದರು. ಅದಕ್ಕೆ ಇಬ್ಬರು ಬೇಕು, ಒಬ್ಬರು ಪೆಡಲು ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಸ್ಕ್ರೂ ಸಡಿಲಿಸಬೇಕು. ಪೆಡಲು ಒತ್ತಿದ್ದು ಲಕ್ಷ್ಮೀದೇವಮ್ಮನವರು. ನವಮಿಯ ದಿನ ಕಾರಿಗೆ ಪೂಜೆ, ಮುಂದೆ ಬೂದುಗುಂಬಳ, ಚಕ್ರದ ಕೆಳಗೆ ನಿಂಬೆಹಣ್ಣು. ಕಾರು ನಿಂತಲ್ಲೇ ನಿಂತಿತ್ತು, ಒಳಗೆ ರಬ್ಬರು ಊದುತ್ತಿತ್ತು.

ವಿಜಯದಶಮಿಯ ಬೆಳಗ್ಗೆ ಪೂಜೆಗಿಟ್ಟ ಆಯುಧ ಎತ್ತಿ, ಶಾಸ್ತ್ರಕ್ಕೆ ಒಂದು ಕೆಲಸ ಮಾಡಬೇಕು. ಡಾಕ್ಟರೊಬ್ಬರ ಕಾರಿನ ಟೈರು ಬದಲಾಯಿಸಲು ಜಾಕು ಹಾಕಿದೆ. ಜಾಕು ಏಳಲಿಲ್ಲ. ಎರಡು ಗೀಟಿನ ಡಬ್ಬ ತಂದು ಅದಕ್ಕೆ ಎಣ್ಣೆ ತುಂಬಿಸಿ, ಹೊರಗೆ ಸೋರಿದ್ದನ್ನು ಒರೆಸದೆ ಡಬ್ಬವನ್ನು ಹಾಗೇ ಕಾರಿನ ಮಡ್‌ಗಾರ್ಡಿನ ಮೇಲಿಟ್ಟೆ. ಟೈರು ಹಾಕಿ ಮುಗಿಸಿ, ಎಲ್ಲರೂ ಪ್ರಸಾದದ ಪುರಿ ತಿನ್ನುತ್ತಿದ್ದೆವು. ಸಾಬರು ಡಬ್ಬ ಎತ್ತಿದವರು ಅಲ್ಲೇ ನಿಂತರು.

"ನಂಜುಂಡ, ಬಾ ಇಲ್ಲಿ."

ಡಬ್ಬದ ಅಡಿ ಇದ್ದ ಕಡೆ ಬಳೆಯಾಕಾರದಲ್ಲಿ ಪೇಂಟು ಸುಕ್ಕುಗಟ್ಟಿ ಎದ್ದಿತ್ತು. ಬೆರಳಿಟ್ಟರೆ ಕಿತ್ತು ಬಂತು. ಜಾಕಿನ ಎಣ್ಣೆ ಪೇಂಟನ್ನು ತಿನ್ನುವುದಿಲ್ಲ. ಬ್ರೇಕ್ ಆಯಿಲ್ ತಿನ್ನುತ್ತದೆ. ಅಂದರೆ ಎರಡು ಗೀಟಿನ ಡಬ್ಬದಲ್ಲಿರುವುದು ಬ್ರೇಕ್ ಆಯಿಲ್. ಹಾಗಾದರೆ ಒಂದು ಗೀಟಿನದರಲ್ಲಿ?

ಬಾಯಲ್ಲಿದ್ದ ಪುರಿ ಬಾಯಲ್ಲೇ ಉಳಿಯಿತು.

ಸಾಬರು ಕೇಳಿದರು, "ಒಂದು ಗೀಟಿನ ಡಬ್ಬದಿಂದ ಯಾರಿಗೆ ಕೊಟ್ಟೆ?"

"ಮೇಡಂಗೆ."

"ಯಾವತ್ತು?"

"ಮೊನ್ನೆ. ಇವತ್ತು ಅಮ್ಮನ್ನ ಕೂರಿಸ್ಕೊಂಡು ಹೋಗ್ತೀನಿ ಅಂದಿದ್ರು."

ಅವರು ತಮ್ಮ ಸ್ಕೂಟರಿನ ಬೀಗದ ಕೈ ನನ್ನ ಕೈಗಿಟ್ಟರು. "ಮಾತು ಆಮೇಲೆ. ಹೋಗು."

ಏಳನೇ ಬ್ಲಾಕಿಗೆ ಹೋದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ರಸ್ತೆಯಲ್ಲಿ ಒಡೆದ ಕುಂಬಳದ ಹೋಳು, ಕುಂಕುಮ. ಪಕ್ಕದ ಮನೆಯಾಕೆ ಹೂ ಕಟ್ಟುತ್ತಿದ್ದರು. "ಈಗ ಹೋದ್ರಲ್ಲ. ಬನಶಂಕರಿ ಗುಡಿಗೆ ಹೋಗಿ, ಅಲ್ಲಿಂದ ಅವರ ಚಿಕ್ಕಮ್ಮನ ಮನೆಗೆ. ಗೊಂಬೆ ಮಲಗಿಸೋಕೆ ಮುಂಚೆ ನೋಡ್ಬೇಕು ಅಂತಿದ್ರು ಅಮ್ಮ."

ಚಿಕ್ಕಮ್ಮನ ಮನೆ ಸಾರಕ್ಕಿ ದಾಟಿ ಎಂದು ನನಗೆ ಗೊತ್ತಿತ್ತು. ಗುಡಿಯಿಂದ ಸಾರಕ್ಕಿಗೆ ರಸ್ತೆ ಇಳಿಯುತ್ತದೆ. ಇಳಿದ ಕಡೆ ಬಸ್ಸಿಗೆ ಕಾಯುವ ಜನ, ಹಬ್ಬದ ದಿನ ಇನ್ನೂ ಹೆಚ್ಚು. ನಮ್ಮವ್ವನೂ ಅಂಥ ದಿನ ಅಲ್ಲೇ ನಿಂತಿರುತ್ತಿದ್ದಳು. ಸ್ಕೂಟರಿನ ಕಿವಿ ಹಿಂಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ಗುಡಿಯ ಹತ್ತಿರ ಸಿಕ್ಕಿಬಿಡಲಿ, ಮಟ್ಟಸದ ಜಾಗದಲ್ಲಿ ಸಿಕ್ಕಿಬಿಡಲಿ.

ಸಿಗಲಿಲ್ಲ. ಗುಡಿಯ ಮುಂದೆ ಹೂ ಮಾರುವವಳನ್ನು ಕೇಳಿದೆ. "ಟಾಪಿಲ್ಲದ ಕಾರಾ? ಹೆಂಗಸರೇ ಓಡಿಸ್ತಿದ್ರಲ್ಲ, ಅದಾ? ಇದೀಗ ಹೋಯ್ತು ಕಣಣ್ಣ. ಏನೋ ಸುಟ್ಟ ವಾಸನೆ ಬರ್ತಿತ್ತು," ಎಂದಳು.

ಇಳಿಜಾರಿನ ತಲೆಯಲ್ಲಿ ಕಾರು ಕಂಡಿತು. ಮುಂದಿನ ಎರಡು ಚಕ್ರದಿಂದಲೂ ತೆಳ್ಳಗೆ ಹೊಗೆ. ಮೇಡಂ ಇಂಜಿನ್ ಎಳೆಯುತ್ತಿಲ್ಲ ಎಂದುಕೊಂಡು ಗುಡಿಯಿಂದ ಆಕ್ಸಿಲರೇಟರ್ ತುಳಿದುಕೊಂಡೇ ಬಂದಿದ್ದರು, ಬ್ರೇಕು ಉಜ್ಜುತ್ತಿದೆ ಎಂದು ಅವರಿಗೆ ಹೇಗೆ ಹೊಳೆಯಬೇಕು? ಈಗ ಇಳಿಜಾರು ಸಿಕ್ಕಿತ್ತು, ಕಾರು ವೇಗ ಹಿಡಿಯುತ್ತಿತ್ತು. ನಾನು ಬಲಗಡೆಯಿಂದ ಸರಿಸಮ ಹೋದೆ. ಮೇಡಂ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು, ಸೀಟಿನಿಂದ ಎದ್ದು ಪೂರ್ತಿ ಭಾರ ಪೆಡಲಿನ ಮೇಲೆ ಹಾಕಿದ್ದರು. ಪಕ್ಕದಲ್ಲಿ ಲಕ್ಷ್ಮೀದೇವಮ್ಮನವರು, ತೊಡೆಯ ಮೇಲೆ ಹಣ್ಣುಕಾಯಿಯ ಹಿತ್ತಾಳೆ ತಟ್ಟೆ.

"ಕಲ್ಲಿನ ಹಾಗಿದೆ ನಂಜುಂಡಪ್ಪ. ನಿಲ್ತಿಲ್ಲ," ಎಂದರು ಮೇಡಂ. ಕಿರುಚಲಿಲ್ಲ. ತರಗತಿಯಲ್ಲಿ ಹೇಳುವ ಹಾಗೆ ಹೇಳಿದರು.

"ಪೆಡಲ್ ಬಿಡಿ. ಗೇರ್ ಇಳಿಸಿ. ಮೂರಕ್ಕೆ."

ಕಾರಿಗೆ ಟಾಪು ಇಲ್ಲದ್ದರಿಂದ ನನ್ನ ಮಾತು ಅವರಿಗೆ ಕೇಳಿಸಿತು. ತಗಡಿನ ಕಾರು, ಗಾಜು ಏರಿಸಿದ್ದರೆ ಏನಾಗುತ್ತಿತ್ತೋ. ಗೇರು ಕಿರ್ರೆಂದಿತು, ಬಿದ್ದಿತು. ಇಂಜಿನ್ ಅರಚಿತು. ಕೆಳಗೆ ಬಸ್ ಸ್ಟಾಪಿನ ಜನ ಬೆರಳಿನಷ್ಟು ಕಾಣುತ್ತಿದ್ದವರು ಆಳೆತ್ತರ ಕಾಣತೊಡಗಿದರು. ಒಬ್ಬ ಮುದುಕ ರಸ್ತೆ ದಾಟಲು ಹೊರಟಿದ್ದ.

"ಎರಡಕ್ಕೆ. ಹ್ಯಾಂಡ್‌ಬ್ರೇಕ್ ಎಳೀರಿ, ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪ."

ಮೇಡಂ ಎಳೆದರು. ಹಿಂದಿನ ಚಕ್ರ ಕಚ್ಚಿತು, ಕಾರಿನ ಬಾಲ ಒಂದು ಕಡೆ ಹೊರಳಿತು, ಲಕ್ಷ್ಮೀದೇವಮ್ಮ "ಶ್ರೀಹರಿ" ಅಂದರು. ಮರದ ಕೆಳಗೆ ಮೂಟೆ ಹೊತ್ತ ಆ ವೈರು ಕಿತ್ತುಹೋಗಲಿಲ್ಲ. ವೇಗ ಅರ್ಧಕ್ಕೆ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ಆ ಕಡೆ ಹೊಸ ಮನೆಗಳು ಏಳುತ್ತಿದ್ದ ಕಾಲ, ರಸ್ತೆಯ ಪಕ್ಕದಲ್ಲಿ ಯಾರೋ ಮರಳು ಸುರಿಸಿದ್ದರು.

"ಮರಳಿಗೆ ಹತ್ತಿಸಿ ಮೇಡಂ, ಎಡಕ್ಕೆ."

ಎಡ ಚಕ್ರಗಳು ಮರಳಿನೊಳಗೆ ಹೂತವು. ಕಾರು ವಾಲಿ, ನಡುಗಿ, ನಿಂತಿತು. ತಟ್ಟೆಯ ತೆಂಗಿನಕಾಯಿ ಹಾರಿ ರಸ್ತೆಯಲ್ಲಿ ಉರುಳುತ್ತಾ ಆ ಮುದುಕನ ಕಾಲಿನ ತನಕ ಹೋಯಿತು. ಅವನು ಅದನ್ನು ಎತ್ತಿಕೊಂಡು ನಮ್ಮ ಕಡೆ ನೋಡುತ್ತಾ ನಿಂತ.

ಜನ ಸೇರಿದರು. ಎಲ್ಲ ನಮ್ಮೂರವರೇ. "ನಂಜುಂಡ ಕಾಪಾಡ್ದ, ನಮ್ ನಂಜುಂಡ," ಎಂದು ಬೆನ್ನು ತಟ್ಟಿದರು. ಲಕ್ಷ್ಮೀದೇವಮ್ಮನವರು ನನ್ನ ಗ್ರೀಸಿನ ಕೈ ಎರಡನ್ನೂ ಹಿಡಿದುಕೊಂಡರು. "ದೇವರು ಕಳಿಸಿದ ಹಾಗೆ ಬಂದ್ಯಲ್ಲಪ್ಪಾ. ನೀನ್ಯಾಕೆ ಈ ಕಡೆ ಬಂದೆ?"

ಹೇಳಬೇಕಾಗಿದ್ದು ಆಗ. ಬಾಯಿ ತೆರೆದೆ ಕೂಡ.

"ಊರಿಗೆ ಹೋಗ್ತಿದ್ದೆ ಅಮ್ಮ," ಅಂದೆ.

ಮೇಡಂ ಮರಳಿನ ಮೇಲೆ ಕೂತು ತಲೆ ತಗ್ಗಿಸಿದ್ದರು. "ಗಾಳಿ ತೆಗೆಯೋವಾಗ ನಾನೇ ಏನೋ ತಪ್ಪು ಮಾಡಿದ್ದೀನಿ. ಅಮ್ಮನ್ನ ಕೊಂದೇಬಿಡ್ತಿದ್ದೆ. ಎಲ್ರೂ ಹೇಳಿದ್ರು, ಹೆಂಗಸಿಗ್ಯಾಕೆ ಈ ಕೆಲ್ಸ ಅಂತ." ನಾನು ಅವರ ಎದುರಿಗೇ ನಿಂತಿದ್ದೆ. ಆಗಲೂ ಸುಮ್ಮನಿದ್ದೆ.

ಮೂರು ದಿನ ಸುಮ್ಮನಿದ್ದೆ. ಊರಿನಲ್ಲಿ ಕರೆಕರೆದು ಕಾಫಿ ಕೊಟ್ಟರು. ಗ್ಯಾರೇಜಿನಲ್ಲಿ ಸಾಬರು ದಿನಕ್ಕೊಂದು ಸಲ "ಹೇಳಿದ್ಯಾ?" ಅನ್ನುವರು, ನಾನು ಸ್ಪ್ಯಾನರ್ ಹುಡುಕುವೆ. ನಾಲ್ಕನೆಯ ದಿನ ಹಳೆಯ ಕಾರು ಕೊಳ್ಳುವ ಬ್ರೋಕರ್ ಬಂದು, ಏಳನೇ ಬ್ಲಾಕಿನ ಟಾಪಿಲ್ಲದ ಕಾರು ಮಾರಾಟಕ್ಕಿದೆಯಂತೆ, ಇಂಜಿನ್ ಹೇಗಿದೆ ಎಂದು ಕೇಳಿದ. ಸಾಬರು ಅವನನ್ನು ಸಾಗಹಾಕಿದರು.

ಆಮೇಲೆ ಹೇಳಿದರು, "ಸಂಜೆ ಒಳಗೆ ನೀನು ಹೇಳು. ಇಲ್ಲಾಂದ್ರೆ ನಾಳೆ ನಾನ್ ಹೇಳ್ತೀನಿ. ನಾನ್ ಹೇಳಿದ ಮೇಲೆ ನೀನು ಈ ಶೆಡ್ಡಿಗೆ ಬರ್ಬೇಡ."

ನನ್ನ ಒಳ್ಳೆಯತನ ಇಷ್ಟೇ. ನೂಕಿಸಿಕೊಂಡು ಹೋದೆ.

ಮೇಡಂ ನಡುಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ನಿಂತೇ ಹೇಳಿದೆ. ಸೀಮೆಎಣ್ಣೆ, ಅಳಿಸಿದ ಗೀಟು, ನನ್ನ ಜಂಬ, ಪೇಂಟಿನ ಬಳೆ, ಎಲ್ಲ. ಅವರ ಕೈಯ ಕೆಂಪು ಪೆನ್ನು ನಿಂತಿತು. ಬೈಯುತ್ತಾರೆ ಎಂದು ಕಾದೆ. ಮಾತಾಡಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಲಕ್ಷ್ಮೀದೇವಮ್ಮ, ಅದೂ ನನ್ನ ಜೊತೆಗಲ್ಲ.

"ಹಂಗಾದ್ರೆ ತಪ್ಪು ನಿಂದಲ್ವಲ್ಲೇ ವಿಮಲಾ."

ಇಳಿಜಾರಿನಲ್ಲಿ ಅಳದಿದ್ದ ಮೇಡಂ ಆಗ ಅತ್ತರು. ಪೇಪರುಗಳ ಮೇಲೆ ತಲೆಯಿಟ್ಟು ಅತ್ತರು. ನಾಲ್ಕು ದಿನ ಅವರು ಏನು ಹೊತ್ತುಕೊಂಡಿದ್ದರು ಎಂಬುದು ನನಗೆ ಅಲ್ಲಿ ನಿಂತಾಗ ಗೊತ್ತಾಯಿತು. ನಾನು ಬಸ್ ಸ್ಟಾಪಿನಲ್ಲೇ ಇಳಿಸಬಹುದಾಗಿದ್ದ ಭಾರ ಅದು.

ಕಣ್ಣೊರೆಸಿಕೊಂಡು ಹೇಳಿದರು, "ಭಾನುವಾರ ಬನ್ನಿ. ಹೊಸ ಕಪ್ ತನ್ನಿ, ಸೀಲ್ ಒಡೀದ ಡಬ್ಬ ತನ್ನಿ. ಕೆಲ್ಸ ನಾನ್ ಮಾಡ್ತೀನಿ. ನೀವು ಕೈ ಹಾಕೋ ಹಾಗಿಲ್ಲ."

ಕೈ ಹಾಕಲಿಲ್ಲ. ಎರಡು ಭಾನುವಾರ ಸ್ಟೂಲಿನ ಮೇಲೆ ಕೂತು ನೋಡಿದೆ. ಪೈಪುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಊದಿದ ಕಪ್ಪುಗಳನ್ನು ಕಿತ್ತು, ಒಂದೊಂದನ್ನೂ ನನ್ನ ಮುಂದೆ ಸಾಲಾಗಿ ಇಟ್ಟರು. ಪೆಡಲು ಒತ್ತಲು ಮತ್ತೆ ಲಕ್ಷ್ಮೀದೇವಮ್ಮನವರೇ ಬಂದರು. ಮುಗಿದ ಮೇಲೆ ಮೇಡಂ ಎಡಗಡೆಯ ಬಾಗಿಲು ತೆಗೆದು, "ಹತ್ತಿ," ಅಂದರು.

ಅದೇ ದಾರಿ. ಗುಡಿ ದಾಟಿ ಇಳಿಜಾರಿನ ತಲೆಗೆ ಬಂದೆವು. ನೂರಾರು ಗಾಡಿಯ ಬ್ರೇಕು ಮಾಡಿದ್ದೆ, ಒಂದರಲ್ಲೂ ಈ ಕಡೆಯ ಸೀಟಿನಲ್ಲಿ ಕೂತಿರಲಿಲ್ಲ. ಇಲ್ಲಿ ಪೆಡಲಿಲ್ಲ, ಹಿಡಿಯಲು ಏನೂ ಇಲ್ಲ. ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಮೇಡಂ ಗೇರು ಇಳಿಸಲಿಲ್ಲ, ಬೇಕೆಂದೇ ಕಾರನ್ನು ಹರಿಯಬಿಟ್ಟರು. ಬಸ್ ಸ್ಟಾಪಿನ ಜನರ ಮುಖ ಕಾಣುವಷ್ಟು ಹತ್ತಿರ ಬಂದಾಗ ಪೆಡಲು ಒತ್ತಿದರು. ಕಾರು ಯಾವ ಕಡೆಗೂ ಎಳೆಯದೆ ನೆಟ್ಟಗೆ ನಿಂತಿತು.

ಇಂಜಿನ್ ಆರಿಸಿ, ರಸ್ತೆಯನ್ನೇ ನೋಡುತ್ತಾ ಕೇಳಿದರು. "ಡಬ್ಬ ತಪ್ಪಾಗೋದು ಅರ್ಥ ಆಗುತ್ತೆ ನಂಜುಂಡಪ್ಪ. ಅಷ್ಟು ದಿನ ಯಾಕೆ ಸುಮ್ನಿದ್ರಿ?"

ಕೆಲಸ ಹೋಗುತ್ತದೆಂಬ ಭಯ ಇತ್ತು ಎಂದು ಹೇಳಬಹುದಿತ್ತು, ಅವರು ನಂಬುತ್ತಿದ್ದರು. ಆದರೆ ನನಗೆ ಅಷ್ಟು ಹೊತ್ತು ಆ ಸೀಟಿನಲ್ಲಿ ಕೂತ ಮೇಲೆ ಸುಳ್ಳು ಹೇಳಲು ಆಗಲಿಲ್ಲ.

"ಎಲ್ರೂ ಹೊಗಳ್ತಿದ್ರು ಮೇಡಂ. ಅಮ್ಮ ಕೈ ಹಿಡ್ಕೊಂಡಿದ್ರು. ಚೆನ್ನಾಗಿತ್ತು."

ಮೇಡಂ ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಕೀಲಿ ತಿರುಗಿಸಿ, ಗಾಡಿ ಸ್ಟಾರ್ಟ್ ಮಾಡಿ, ತಮ್ಮ ಕಡೆಯ ಬಾಗಿಲು ತೆಗೆದು ಕೆಳಗಿಳಿದರು.

"ಈ ಕಡೆ ಬನ್ನಿ," ಅಂದರು. "ವಾಪಸ್ಸು ನೀವು ಓಡಿಸಿ. ನಾನ್ ಪಕ್ಕದಲ್ಲಿ ಕೂರ್ತೀನಿ."